ಹಳೆಯ ಇಂಟರ್ನೆಟ್ ಮುಚ್ಚಿ ಹೊಸದನ್ನು ತೆರೆಯುತ್ತಾರೆಯೇ?

“6ಜಿ ಬಂದ ಮೇಲೆ ಈಗಿನ ಇಂಟರ್ನೆಟ್ ಇರುವುದಿಲ್ಲವಂತೆ.” “ವಿಜ್ಞಾನಿಗಳು ಹೊಸ ಇಂಟರ್ನೆಟ್ ಕಟ್ಟಿ ಇಟ್ಟಿದ್ದಾರಂತೆ, ಸದ್ಯದಲ್ಲೇ ಹಳೆಯದನ್ನು ಬಂದ್ ಮಾಡುತ್ತಾರಂತೆ.” ಇಂಥ ಮಾತುಗಳನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಹೊಸ ಇಂಟರ್ನೆಟ್ ಕಟ್ಟುವ ಸಂಶೋಧನೆ ಇಪ್ಪತ್ತು ವರ್ಷಗಳಿಂದ ನಡೆಯುತ್ತಲೇ ಇದೆ. ಅಮೆರಿಕ, ಯುರೋಪ್, ಜಪಾನ್, ಚೀನಾ ಎಲ್ಲವೂ ಇದಕ್ಕೆ ಹಣ ಹಾಕಿವೆ. ಆದರೆ ಹಳೆಯದನ್ನು ಮುಚ್ಚಿ ಹೊಸದನ್ನು ತೆರೆಯುವ ದಿನ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಹಾಗಾದರೆ ಅಷ್ಟು ಸಂಶೋಧನೆ ಏನಾಯಿತು? ವ್ಯರ್ಥವಾಯಿತೇ? ಇಲ್ಲ. ಅದರ ಒಂದಷ್ಟು ಭಾಗ ಈಗಾಗಲೇ ನಿಮ್ಮ ಫೋನಿನಲ್ಲಿದೆ. ಯಾವ ಭಾಗ ಬಂತು, ಯಾವುದು ಬರಲಿಲ್ಲ, ಬಂದದ್ದು ಯಾರ ಕೈಯಿಂದ ಬಂತು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. 4ಜಿ, 5ಜಿ, ಮುಂದೆ ಬರುವ 6ಜಿ ಇವು ಮುಖ್ಯವಾಗಿ ನಿಮ್ಮ ಫೋನಿನಿಂದ ಟವರ್‌ವರೆಗಿನ ದಾರಿ ಮತ್ತು ಅದರ ಹಿಂದಿರುವ ಮೊಬೈಲ್ ಕಂಪನಿಯ ಜಾಲಕ್ಕೆ ಸಂಬಂಧಿಸಿದವು. ಊರಿನ ಮಣ್ಣಿನ ರಸ್ತೆಗೆ ಡಾಂಬರು ಹಾಕಿದರೆ ಅಂಚೆಯವರು ಬೇಗ ಬರುತ್ತಾರೆ, ನಿಜ. ಆದರೆ ಕಾಗದದ ಮೇಲೆ ವಿಳಾಸ ಬರೆಯುವ ಪದ್ಧತಿ, ಪಿನ್‌ಕೋಡ್, ವಿಂಗಡಣೆ ಯಾವುದೂ ಅದರಿಂದ ಬದಲಾಗುವುದಿಲ್ಲ. ಇಂಟರ್ನೆಟ್ ಎನ್ನುವುದು ಆ ಅಂಚೆ ಪದ್ಧತಿ. ಸಂಶೋಧಕರು ಬದಲಾಯಿಸಲು ಹೊರಟಿದ್ದು ಅದನ್ನು.

ಒಂದೇ ದಿನದಲ್ಲಿ ಬದಲಾದ ಆ ಒಂದು ಸಲ

ಇಂಟರ್ನೆಟ್ ಇತಿಹಾಸದಲ್ಲಿ ಇಡೀ ಜಾಲ ಒಂದೇ ದಿನ ಹಳೆಯ ನಿಯಮ ಬಿಟ್ಟು ಹೊಸ ನಿಯಮಕ್ಕೆ ಬಂದದ್ದು ಒಂದೇ ಸಲ, 1983ರ ಜನವರಿ 1ರಂದು. ಆಗ ಇದ್ದದ್ದು ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ನಡೆಯುತ್ತಿದ್ದ ಆರ್ಪಾನೆಟ್. ಎನ್‌ಸಿಪಿ ಎಂಬ ಹಳೆಯ ಪ್ರೋಟೋಕಾಲ್ ನಿಲ್ಲಿಸಿ ಎಲ್ಲರೂ ಟಿಸಿಪಿ/ಐಪಿಗೆ ಬರಬೇಕು ಎಂದು ಆದೇಶವಾಗಿತ್ತು. ಪ್ರೋಟೋಕಾಲ್ ಎಂದರೆ ಎರಡು ಯಂತ್ರಗಳು ಹೇಗೆ ಮಾತಾಡಬೇಕು ಎಂಬುದರ ಬಗ್ಗೆ ಮೊದಲೇ ಮಾಡಿಕೊಂಡ ಒಪ್ಪಂದ. ಕೇಳದವರಿಗೆ ಬಿಸಿ ಮುಟ್ಟಿಸಲು 1982ರಲ್ಲೇ ಹಳೆಯ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ತೋರಿಸಿದ್ದೂ ಉಂಟು. ಬದಲಾವಣೆ ಮುಗಿದ ಮೇಲೆ ‘ನಾನು ಟಿಸಿಪಿ/ಐಪಿ ಬದಲಾವಣೆಯಲ್ಲಿ ಬದುಕುಳಿದೆ’ ಎಂಬರ್ಥದ ಬ್ಯಾಡ್ಜ್‌ಗಳನ್ನು ಕೆಲವರು ಹಾಕಿಕೊಂಡಿದ್ದರು.

ಅದು ಸಾಧ್ಯವಾದದ್ದಕ್ಕೆ ಕಾರಣ ಸರಳ. ಜಾಲದಲ್ಲಿದ್ದ ಕಂಪ್ಯೂಟರುಗಳು ಕೆಲವು ನೂರು ಮಾತ್ರ, ಮತ್ತು ‘ಮಾಡಿ’ ಎಂದು ಹೇಳಬಲ್ಲ ಯಜಮಾನ ಒಬ್ಬನಿದ್ದ. ಈಗ ಶತಕೋಟಿಗಟ್ಟಲೆ ಸಾಧನಗಳಿವೆ, ಯಜಮಾನ ಯಾರೂ ಇಲ್ಲ. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇವುಗಳ ಸುತ್ತಲೇ ಇದೆ.

ವಿಳಾಸ ಮುಗಿದರೂ ಬದಲಾಗದ ಪದ್ಧತಿ

1983ರಲ್ಲಿ ಬಂದ ಐಪಿವಿ4 ಪದ್ಧತಿಯಲ್ಲಿ ಇರುವ ವಿಳಾಸಗಳು ಸುಮಾರು 430 ಕೋಟಿ. ಜಗತ್ತಿನ ಜನಸಂಖ್ಯೆಗಿಂತ ಕಡಿಮೆ. ಇದು ಸಾಲದು ಎಂದು 1990ರ ದಶಕದಲ್ಲೇ ಗೊತ್ತಾಗಿ, 1995ರ ಡಿಸೆಂಬರ್‌ನಲ್ಲಿ ಐಪಿವಿ6ರ ಮೊದಲ ನಿಯಮಾವಳಿ ಹೊರಬಂತು. ಅದರಲ್ಲಿ ವಿಳಾಸಗಳು ಎಣಿಸಿ ಮುಗಿಯದಷ್ಟು. 2011ರ ಫೆಬ್ರವರಿಯಲ್ಲಿ ಐಪಿವಿ4ರ ಕೇಂದ್ರ ದಾಸ್ತಾನು ಖಾಲಿಯೂ ಆಯಿತು. ಆದರೂ ಜಗತ್ತು ಇಂದಿಗೂ ಪೂರ್ತಿ ಬದಲಾಗಿಲ್ಲ. ಗೂಗಲ್ ತನ್ನ ಬಳಕೆದಾರರನ್ನು ಗಮನಿಸಿ ಪ್ರಕಟಿಸುವ ಅಂಕಿಅಂಶದಲ್ಲಿ ಐಪಿವಿ6 ಮೂಲಕ ಬರುವವರ ಪಾಲು ಹತ್ತಿರ ಹತ್ತಿರ ಅರ್ಧ. ಮೂವತ್ತು ವರ್ಷಕ್ಕೆ ಅರ್ಧ ದಾರಿ!

ಯಾಕಿಷ್ಟು ನಿಧಾನ? ಬದಲಾಯಿಸುವವರಿಗೆ ಖರ್ಚು, ಲಾಭ ಮಾತ್ರ ಎಲ್ಲರೂ ಬದಲಾದ ಮೇಲೆ. ಅಷ್ಟರಲ್ಲಿ ತೇಪೆಯೊಂದು ಸಿಕ್ಕಿತು. ಅಪಾರ್ಟ್‌ಮೆಂಟಿನ ನೂರು ಮನೆಗೂ ಹೊರಗೆ ಒಂದೇ ವಿಳಾಸ, ಬಂದ ಕಾಗದಗಳನ್ನು ಗೇಟಿನ ವಾಚ್‌ಮನ್ ಹಂಚುತ್ತಾನೆ ಎಂದುಕೊಳ್ಳಿ. ಎನ್‌ಎಟಿ ಎಂಬ ಈ ಉಪಾಯ ನಿಮ್ಮ ಮನೆಯ ವೈಫೈ ರೌಟರ್‌ನಲ್ಲೂ ಇದೆ, ಮೊಬೈಲ್ ಕಂಪನಿಗಳಲ್ಲೂ ಇದೆ. ಕೆಲಸ ನಡೆಯುತ್ತದೆ. ಆದರೆ ಈ ವಾಚ್‌ಮನ್ ಮುಂದೆ ಇನ್ನೊಂದು ತೊಂದರೆಯನ್ನೂ ತಂದಿಟ್ಟ. ಅದಕ್ಕೆ ಆಮೇಲೆ ಬರೋಣ.

ಈ ಓಟದಲ್ಲಿ ಭಾರತ ಮುಂದಿದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಅದೇ ಗೂಗಲ್ ಲೆಕ್ಕದಲ್ಲಿ ನಮ್ಮ ದೇಶದ ಪಾಲು ಮೂರನೇ ಎರಡಕ್ಕಿಂತ ಹೆಚ್ಚು. ನಾವು ಹೆಚ್ಚು ಬುದ್ಧಿವಂತರು ಎಂದಲ್ಲ. 2016ರಲ್ಲಿ ಜಿಯೋ ಶುರುವಾದಾಗ ಕೋಟಿಗಟ್ಟಲೆ ಗಿರಾಕಿಗಳಿಗೆ ಕೊಡುವಷ್ಟು ಹಳೆಯ ವಿಳಾಸಗಳು ಸಿಗುವಂತಿರಲಿಲ್ಲ. ಹಳೆಯ ಜಾಲದ ಹೊರೆಯೂ ಇರಲಿಲ್ಲ. ಹೊಸ ಮನೆ ಕಟ್ಟುವವರಿಗೆ ಹೊಸ ವೈರಿಂಗ್ ಸುಲಭ, ಅಷ್ಟೇ. ನೋಡಬೇಕೆಂದರೆ ಮೊಬೈಲ್ ಡೇಟಾ ಹಾಕಿಕೊಂಡು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ ತೆರೆಯಿರಿ. ಅಂಕಿ, ಇಂಗ್ಲಿಷ್ ಅಕ್ಷರಗಳ ನಡುವೆ ಜೋಡಿ ಚುಕ್ಕಿಗಳಿರುವ ಉದ್ದನೆಯ ವಿಳಾಸ ಕಂಡರೆ ಅದು ಐಪಿವಿ6.

“ಎಲ್ಲ ಅಳಿಸಿ ಮತ್ತೆ ಬರೆದರೆ?”

ತೇಪೆ ಹಚ್ಚುವುದು ಸಾಕು, ಖಾಲಿ ಹಲಗೆಯ ಮೇಲೆ ಹೊಸದಾಗಿ ಬರೆದರೆ ಹೇಗಿರುತ್ತದೆ ಎಂಬ ಯೋಚನೆ 2005ರ ನಂತರ ಜೋರಾಯಿತು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಇದಕ್ಕೆ ಕಾರ್ಯಕ್ರಮಗಳನ್ನು ಹಾಕಿಕೊಂಡಿತು. ಜಪಾನಿನಲ್ಲಿ ಅಕಾರಿ ಎಂಬ ಯೋಜನೆ ಶುರುವಾಯಿತು. ಹೊಸ ವಿಚಾರಗಳನ್ನು ಪರೀಕ್ಷಿಸಲು ಜೆನಿ ಎಂಬ ದೊಡ್ಡ ಪ್ರಯೋಗ ಜಾಲವನ್ನು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಟ್ಟಿದರು. 2010ರಲ್ಲಿ ನಾಲ್ಕು ಯೋಜನೆಗಳಿಗೆ ತಲಾ 80 ಲಕ್ಷ ಡಾಲರ್‌ವರೆಗೆ ಹಣ ಘೋಷಣೆಯಾಯಿತು. ಫೋನಿನಂತೆ ಓಡಾಡುವ ಸಾಧನಗಳನ್ನೇ ಮುಖ್ಯವಾಗಿಟ್ಟುಕೊಂಡ ಮೊಬಿಲಿಟಿಫಸ್ಟ್, ಕ್ಲೌಡ್ ಕೇಂದ್ರಗಳ ಸುತ್ತ ಯೋಚಿಸಿದ ನೆಬ್ಯುಲಾ, ಮುಂದೆ ಬರುವ ಬಳಕೆಗಳಿಗೂ ಜಾಗ ಬಿಟ್ಟ ಎಕ್ಸ್‌ಐಎ ಮತ್ತು ಎನ್‌ಡಿಎನ್ ಆ ನಾಲ್ಕು. ಕೊನೆಯದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ನಮಗೆ ಹೆಚ್ಚು ಹಿಡಿಸಿದ ವಿಚಾರ ಅದು.

ಇವತ್ತಿನ ಪತ್ರಿಕೆ ಓದಬೇಕು ಎಂದಿಟ್ಟುಕೊಳ್ಳಿ. ಈಗಿನ ಇಂಟರ್ನೆಟ್ ರೀತಿಯಲ್ಲಾದರೆ ಊರಿನ ಪ್ರತಿಯೊಬ್ಬರೂ ಅಚ್ಚಾಗುವ ಪ್ರೆಸ್ಸಿಗೇ ಹೋಗಿ ಒಂದೊಂದು ಪ್ರತಿ ತರಬೇಕು, ಏಕೆಂದರೆ ಐಪಿಗೆ ಗೊತ್ತಿರುವುದು ‘ಎಲ್ಲಿಗೆ ಹೋಗಬೇಕು’ ಎಂಬುದು ಮಾತ್ರ. ಆದರೆ ನಮಗೆ ಬೇಕಿರುವುದು ಪತ್ರಿಕೆ. ಅದು ಪಕ್ಕದ ಮನೆಯಲ್ಲಿದ್ದರೂ ಸಾಕು. ‘ಇಂಥ ವಿಳಾಸಕ್ಕೆ ಹೋಗು’ ಎನ್ನುವ ಬದಲು ‘ಇಂಥ ಹೆಸರಿನ ಮಾಹಿತಿ ಯಾರ ಹತ್ತಿರ ಇದ್ದರೂ ಕೊಡಿ’ ಎಂದು ಜಾಲವನ್ನೇ ಕೇಳುವಂತಿದ್ದರೆ? ಎನ್‌ಡಿಎನ್‌ನ ತಿರುಳು ಇದು. 1980ರ ದಶಕದಲ್ಲಿ ಇಂಟರ್ನೆಟ್ಟಿನ ದಟ್ಟಣೆ ನಿಯಂತ್ರಣದ ವಿಧಾನ ಕೊಟ್ಟು ಜಾಲ ಕುಸಿಯದಂತೆ ಕಾಪಾಡಿದ ವ್ಯಾನ್ ಜೇಕಬ್‌ಸನ್ ಈ ವಿಚಾರದ ಹಿಂದಿದ್ದವರಲ್ಲಿ ಪ್ರಮುಖರು. ಯೋಜನೆಯ ನೇತೃತ್ವ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಕ್ಸಿಯಾ ಜಾಂಗ್ ಅವರದು.

ಪಕ್ಕದ ಮನೆಯವರು ಕೊಟ್ಟ ಪತ್ರಿಕೆ ಅಸಲಿಯೋ ನಕಲಿಯೋ ಎಂಬ ಅನುಮಾನ ಬರುವುದು ಸಹಜ. ಅದಕ್ಕಾಗಿ ಪ್ರತಿ ತುಣುಕಿನ ಮೇಲೂ ಪ್ರಕಟಿಸಿದವರ ಡಿಜಿಟಲ್ ಸಹಿ ಇರುತ್ತದೆ. ಯಾರ ಕೈಯಿಂದ ಬಂತು ಎಂಬುದು ಮುಖ್ಯವಲ್ಲ, ಸಹಿ ಸರಿಯಿದ್ದರೆ ಮಾಹಿತಿ ಅಸಲಿ. ಈಗ ನಾವು ನಂಬುವುದು ದಾರಿಯನ್ನು ಮತ್ತು ವೆಬ್‌ಸೈಟನ್ನು. ಅಲ್ಲಿ ನಂಬಿಕೆ ಮಾಹಿತಿಯ ಜೊತೆಗೇ ಅಂಟಿಕೊಂಡಿರುತ್ತದೆ.

ಇಷ್ಟು ಚೆಂದದ ವಿಚಾರ ಯಾಕೆ ಜಾರಿಗೆ ಬರಲಿಲ್ಲ? ಅದು ಬಿಡಿಸಬೇಕಿದ್ದ ಸಮಸ್ಯೆಯನ್ನು ಅಷ್ಟರಲ್ಲಿ ಬೇರೆಯವರು ಬೇರೆ ರೀತಿಯಲ್ಲಿ ಬಿಡಿಸಿಬಿಟ್ಟಿದ್ದರು. 2023ರ ನವೆಂಬರ್ 19ರ ವಿಶ್ವಕಪ್ ಕ್ರಿಕೆಟ್ ಫೈನಲ್ ನೆನಪಿಸಿಕೊಳ್ಳಿ (ಮರೆಯಲು ಯತ್ನಿಸುತ್ತಿರುವವರು ಕ್ಷಮಿಸಿ). ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು ಎಂದು ಹಾಟ್‌ಸ್ಟಾರ್ ಹೇಳಿಕೊಂಡಿತು. ಅಷ್ಟು ಜನಕ್ಕೂ ಒಂದೇ ಕಟ್ಟಡದಿಂದ ವಿಡಿಯೊ ಕಳಿಸಿದರೆ ಯಾವ ಜಾಲವೂ ತಡೆಯದು. ಆದ್ದರಿಂದ ಊರೂರಿನ ಹತ್ತಿರ ಪ್ರತಿಗಳನ್ನು ಇಟ್ಟುಕೊಂಡು ಅಲ್ಲಿಂದಲೇ ಹಂಚುವ ಸರ್ವರುಗಳಿವೆ. ಇವಕ್ಕೆ ಸಿಡಿಎನ್ ಎನ್ನುತ್ತಾರೆ. 1998ರಲ್ಲಿ ಹುಟ್ಟಿದ ಅಕಮೈ ಈ ವ್ಯಾಪಾರದ ಹಿರಿಯ. ನೆಟ್‌ಫ್ಲಿಕ್ಸ್ ತನ್ನದೇ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಕಟ್ಟಡಗಳಲ್ಲೇ ಇಡುತ್ತದೆ.

ಅಂದರೆ ಪಕ್ಕದ ಮನೆಯ ಪತ್ರಿಕೆಯ ಉಪಾಯ ಬಂತು, ಆದರೆ ಎಲ್ಲರ ಜಾಲದ ಗುಣವಾಗಿ ಅಲ್ಲ, ದುಡ್ಡು ಕೊಟ್ಟವರಿಗೆ ಸಿಗುವ ಸೇವೆಯಾಗಿ. ದೊಡ್ಡ ಕಂಪನಿಯ ಸಿನಿಮಾ ನಿಮ್ಮೂರಿನ ಹತ್ತಿರವೇ ಇರುತ್ತದೆ. ಸಣ್ಣ ಊರಿನ ಶಾಲೆಯೊಂದು ತಾನೇ ನಡೆಸುವ ಸರ್ವರಿನಲ್ಲಿಟ್ಟ ಪಾಠದ ವಿಡಿಯೊಗೆ ಆ ಭಾಗ್ಯವಿಲ್ಲ. ಯೂಟ್ಯೂಬ್‌ಗೆ ಹಾಕಿದರೆ ಆ ಭಾಗ್ಯ ಸಿಗುತ್ತದೆ, ಆದರೆ ಯೂಟ್ಯೂಬ್‌ನ ಷರತ್ತಿಗೆ ಒಳಪಟ್ಟು. ವೇದಿಕೆಗಳು ದೊಡ್ಡದಾಗುತ್ತ ಹೋಗುವುದಕ್ಕೆ ಜಾಲದೊಳಗಿನ ಈ ಏರುಪೇರೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ. ಜೆನಿ ಪ್ರಯೋಗ ಜಾಲ 2023ರಲ್ಲಿ ಮುಚ್ಚಿತು. ಎನ್‌ಡಿಎನ್ ಸಂಶೋಧನೆ ಮಾತ್ರ ಭೌತವಿಜ್ಞಾನ, ಹವಾಮಾನದಂಥ ಕ್ಷೇತ್ರಗಳ ಭಾರಿ ದತ್ತಾಂಶ ಸಾಗಿಸುವ ಪ್ರಯೋಗಗಳತ್ತಲೂ ತಿರುಗಿತು.

ದಾರಿ ಹೇಳುವವರನ್ನು ನಂಬುವುದು ಹೇಗೆ?

2008ರ ಫೆಬ್ರವರಿ 24ರಂದು ಯೂಟ್ಯೂಬ್ ಜಗತ್ತಿನ ಬಹುಭಾಗಕ್ಕೆ ಸುಮಾರು ಎರಡು ಗಂಟೆ ಸಿಗದಂತಾಯಿತು. ಹ್ಯಾಕಿಂಗ್ ಏನೂ ನಡೆದಿರಲಿಲ್ಲ. ಪಾಕಿಸ್ತಾನ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟಿತ್ತು. ಅದಕ್ಕಾಗಿ ಪಾಕಿಸ್ತಾನ್ ಟೆಲಿಕಾಂ ‘ಯೂಟ್ಯೂಬ್‌ಗೆ ದಾರಿ ನನ್ನ ಹತ್ತಿರವಿದೆ’ ಎಂಬ ಸುಳ್ಳು ದಾರಿಯನ್ನು ತನ್ನ ಜಾಲದಲ್ಲಿ ಹಾಕಿತು. ಆ ಸುಳ್ಳು ಹಾಂಕಾಂಗ್‌ನ ಕಂಪನಿಯೊಂದರ ಮೂಲಕ ಹೊರಗೆ ಸೋರಿತು. ಉಳಿದ ಜಾಲಗಳು ಅದನ್ನು ನಂಬಿದವು.

ನಂಬಿದ್ದು ದಡ್ಡತನದಿಂದಲ್ಲ. ಬಿಜಿಪಿ ಎಂಬ ನಿಯಮದಂತೆ ಜಾಲಗಳು ಒಬ್ಬರಿಗೊಬ್ಬರು ದಾರಿ ಹೇಳಿಕೊಳ್ಳುತ್ತವೆ, ಹೇಳಿದ್ದನ್ನು ನಂಬುವುದು ಅದರ ಮೂಲ ರೂಪ. ಅಪರಿಚಿತ ಊರಿನಲ್ಲಿ ದಾರಿ ಕೇಳಿದ ಹಾಗೆ. ಈಗ ಆರ್‌ಪಿಕೆಐ ಎಂಬ ಸಹಿ ವ್ಯವಸ್ಥೆ ಬಂದಿದೆ. ಈ ವಿಳಾಸಗಳನ್ನು ತನ್ನದೆಂದು ಸಾರುವ ಹಕ್ಕು ಯಾವ ಜಾಲಕ್ಕಿದೆ ಎಂಬುದನ್ನು ಅದರಿಂದ ಪರೀಕ್ಷಿಸಬಹುದು. ನಡುವಿನ ಪೂರ್ತಿ ದಾರಿ ನಿಜವೇ ಎಂಬುದನ್ನು ಅದು ಹೇಳುವುದಿಲ್ಲ.

ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನಲ್ಲಿ ಆಡ್ರಿಯನ್ ಪೆರಿಗ್ ಅವರ ತಂಡ ಬೆಳೆಸಿದ ಸಯಾನ್ ಎಂಬ ವಿನ್ಯಾಸ ಈ ಭಾಗವನ್ನು ಬುಡದಿಂದ ಬದಲಾಯಿಸುತ್ತದೆ. ಅದರಲ್ಲಿ ಕಳಿಸುವವರಿಗೆ ಲಭ್ಯವಿರುವ ದಾರಿಗಳು ಕಾಣುತ್ತವೆ, ಬೇಕಾದುದನ್ನು ಅವರೇ ಆರಿಸಬಹುದು, ದಾರಿಯ ಮಾಹಿತಿ ಸಹಿಯಿಂದ ಭದ್ರವಾಗಿರುತ್ತದೆ. ಖಾಲಿ ಹಲಗೆಯ ಕಾಲದ ವಿಚಾರಗಳಲ್ಲಿ ಪ್ರಯೋಗಶಾಲೆ ದಾಟಿ ದಿನನಿತ್ಯದ ಕೆಲಸಕ್ಕೆ ಬಂದ ಅಪರೂಪದ್ದು ಇದು. ಸ್ವಿಸ್ ಬ್ಯಾಂಕುಗಳ ನಡುವಿನ ವ್ಯವಹಾರಕ್ಕಾಗಿ ಅಲ್ಲಿನ ಕೇಂದ್ರ ಬ್ಯಾಂಕ್ ಮತ್ತು ಸಿಕ್ಸ್ ಎಂಬ ಸಂಸ್ಥೆ 2021ರಲ್ಲಿ ಶುರುಮಾಡಿದ ಸುರಕ್ಷಿತ ಹಣಕಾಸು ಜಾಲ ನಡೆಯುವುದು ಇದರ ಮೇಲೆ. ಅಲ್ಲಿ ಯಾಕೆ ಸಾಧ್ಯವಾಯಿತು? ಸದಸ್ಯರು ಎಣಿಕೆಗೆ ಸಿಗುವಷ್ಟು, ‘ಮಾಡಿ’ ಎನ್ನಬಲ್ಲ ಕೇಂದ್ರ ಬ್ಯಾಂಕ್ ಇದೆ. 1983ರ ಪರಿಸ್ಥಿತಿಯೇ ಚಿಕ್ಕದಾಗಿ ಮರುಕಳಿಸಿದಂತೆ.

ಯಜಮಾನ ಬೇಕು ಎಂಬ ಈ ಸಂಗತಿಗೆ ಇನ್ನೊಂದು ಮುಖವೂ ಇದೆ. 2019ರಲ್ಲಿ ಚೀನಾದ ಹುವಾವೆ ಮತ್ತು ಜೊತೆಗಾರರು ‘ನ್ಯೂ ಐಪಿ’ ಎಂಬ ಪ್ರಸ್ತಾವವನ್ನು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆಯಾದ ಐಟಿಯು ಮುಂದೆ ತಂದರು. ಇಂಟರ್ನೆಟ್ ನಿಯಮಗಳು ಇದುವರೆಗೆ ರೂಪುಗೊಂಡದ್ದು ಐಇಟಿಎಫ್ ಎಂಬ, ಯಾವ ಎಂಜಿನಿಯರ್ ಬೇಕಾದರೂ ಭಾಗವಹಿಸಬಹುದಾದ ವೇದಿಕೆಯಲ್ಲಿ. ಐಟಿಯುನಲ್ಲಿ ಮತ ಹಾಕುವವು ಸರ್ಕಾರಗಳು. ಜಾಲದ ಬುಡವನ್ನು ಸರ್ಕಾರಗಳ ಕೈಗೆ ಒಪ್ಪಿಸಿದಂತಾಗುತ್ತದೆ ಎಂದು ಯುರೋಪ್, ಅಮೆರಿಕ ಮತ್ತು ಐಇಟಿಎಫ್ ಕಡೆಯಿಂದ ವಿರೋಧ ಬಂತು. ಪ್ರಸ್ತಾವಕ್ಕೆ ಒಪ್ಪಿಗೆ ಸಿಗಲಿಲ್ಲ.

ವಾಚ್‌ಮನ್‌ನನ್ನು ದಾಟಿದ ಕ್ವಿಕ್

ಈಗ ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ ಬರೋಣ. ಅವನಿಗೆ ಚೆನ್ನಾಗಿ ಗೊತ್ತಿರುವುದು ಎರಡೇ ಬಗೆಯ ಲಕೋಟೆ: ಟಿಸಿಪಿ ಮತ್ತು ಯುಡಿಪಿ. 2000ದಲ್ಲಿ ಎಸ್‌ಸಿಟಿಪಿ ಎಂಬ ಮೂರನೆಯದು ಬಂತು. ಹಲವು ವಿಷಯಗಳಲ್ಲಿ ಟಿಸಿಪಿಗಿಂತ ಉತ್ತಮವಾಗಿತ್ತು. ಆದರೆ ದಾರಿಯಲ್ಲಿದ್ದ ವಾಚ್‌ಮನ್‌ಗಳು, ಫೈರ್‌ವಾಲ್‌ಗಳು ಅದನ್ನು ಗುರುತಿಸದೆ ಎಸೆಯುತ್ತಿದ್ದವು. ಟೆಲಿಫೋನ್ ಕಂಪನಿಗಳ ಒಳಜಾಲದಲ್ಲಿ ಅದು ಬಾಳಿತು, ಸಾಮಾನ್ಯ ಇಂಟರ್ನೆಟ್ಟಿನಲ್ಲಿ ಬೇರು ಬಿಡಲಿಲ್ಲ.

2013ರಲ್ಲಿ ಗೂಗಲ್ ಪರಿಚಯಿಸಿದ ಕ್ವಿಕ್ ಬೇರೆ ಉಪಾಯ ಮಾಡಿತು. ಹೊರಗೆ ಹಳೆಯ ಯುಡಿಪಿ ಲಕೋಟೆ, ಒಳಗೆ ಹೊಸ ನಿಯಮ. ಒಳಗಿನದ್ದನ್ನು ಬಹುತೇಕ ಗೂಢಲಿಪಿಯಲ್ಲಿ ಮುಚ್ಚಿದ್ದರಿಂದ ವಾಚ್‌ಮನ್ ಇಣುಕಿ ನೋಡಿ ಅಡ್ಡಿ ಮಾಡುವಂತೆಯೂ ಇಲ್ಲ. ನಂತರ ಅದು ಐಇಟಿಎಫ್‌ಗೆ ಹೋಗಿ ಸಾಕಷ್ಟು ಬದಲಾಗಿ 2021ರ ಮೇ ತಿಂಗಳಲ್ಲಿ ಎಲ್ಲರ ಮಾನದಂಡವಾಯಿತು. ಸಂಪರ್ಕ ಬೇಗ ಏರ್ಪಡುತ್ತದೆ. ಪ್ರತಿ ಸಂಪರ್ಕಕ್ಕೂ ವಿಳಾಸದಿಂದ ಬೇರೆಯಾದ ಒಂದು ಗುರುತು ಇರುವುದರಿಂದ, ಮನೆಯ ವೈಫೈ ಬಿಟ್ಟು ಬೀದಿಗೆ ಬಂದು ಮೊಬೈಲ್ ಡೇಟಾಗೆ ಹೊರಳಿದಾಗಲೂ ಸಂಪರ್ಕ ಕಡಿಯದೆ ಮುಂದುವರಿಯಬಲ್ಲದು. ಮೊಬಿಲಿಟಿಫಸ್ಟ್‌ನವರು ಇಡೀ ಜಾಲಕ್ಕೆ ಬಯಸಿದ್ದ ಗುಣವೊಂದು ಹೀಗೆ ಚಿಕ್ಕ ರೂಪದಲ್ಲಿ ನಿಮ್ಮ ಫೋನಿಗೆ ಬಂತು.

ಗೂಗಲ್‌ಗೆ ಇದು ಯಾಕೆ ಸಾಧ್ಯವಾಯಿತು? ಒಂದು ತುದಿಯಲ್ಲಿ ಕ್ರೋಮ್, ಇನ್ನೊಂದು ತುದಿಯಲ್ಲಿ ಯೂಟ್ಯೂಬ್, ಎರಡೂ ಅದರದೇ. ಯಾರನ್ನೂ ಕೇಳಬೇಕಿರಲಿಲ್ಲ. ಅಂಥ ಎರಡು ತುದಿ ಇಲ್ಲದ ವಿಶ್ವವಿದ್ಯಾಲಯ ಅಷ್ಟೇ ಒಳ್ಳೆಯ ವಿಚಾರ ತಂದರೂ ಪ್ರಬಂಧದಲ್ಲೇ ಉಳಿಯುವ ಸಾಧ್ಯತೆ ಹೆಚ್ಚು. ಕ್ವಿಕ್ ಒಳ್ಳೆಯದೇ, ನಮ್ಮ ತಕರಾರು ಅದರ ಮೇಲಲ್ಲ. ಜಾಲವನ್ನು ಬದಲಾಯಿಸುವ ಶಕ್ತಿ ಕೆಲವೇ ಕಂಪನಿಗಳಲ್ಲಿ ಉಳಿದರೆ, ಅವುಗಳಿಗೆ ಬೇಡವಾದ ಬದಲಾವಣೆಯನ್ನು ಮಾಡುವವರು ಯಾರು?

ಜಾಲದ ಮೇಲಿನ ಅಂಗಡಿಗಳು

ಯುರೋಪ್ ಈ ಪ್ರಶ್ನೆಯನ್ನು ಜಾಲದ ಮೇಲೆ ಕೂತಿರುವ ಸೇವೆಗಳ ಕಡೆಯಿಂದ ಹಿಡಿಯಿತು. ಜಿಮೇಲ್‌ನಿಂದ ರೆಡಿಫ್‌ಮೇಲ್‌ಗೆ ಪತ್ರ ಹೋಗುತ್ತದೆ, ಬಿಎಸ್‌ಎನ್‌ಎಲ್‌ನಿಂದ ಏರ್‌ಟೆಲ್‌ಗೆ ಕರೆ ಹೋಗುತ್ತದೆ. ಆದರೆ ನಾವು ವಾಟ್ಸಾಪ್‌ನಿಂದ ಟೆಲಿಗ್ರಾಮ್‌ಗೆ ಸಂದೇಶ ಕಳಿಸಲಾರೆವು. ಮೊದಲಿನವು ಒಪ್ಪಿತ ನಿಯಮದ ಮೇಲೆ ನಿಂತವು, ಕೊನೆಯವು ಬೇಲಿ ಹಾಕಿಕೊಂಡ ತೋಟಗಳು.

2011ರಲ್ಲಿ ಐರೋಪ್ಯ ಆಯೋಗ 30 ಕೋಟಿ ಯೂರೊ ಹಾಕಿ, ಕಂಪನಿಗಳ ಜೊತೆ ಸೇರಿ ‘ಭವಿಷ್ಯದ ಇಂಟರ್ನೆಟ್’ ಕಾರ್ಯಕ್ರಮ ಶುರುಮಾಡಿತು. ಅದರಿಂದ ಫೈವೇರ್ ಎಂಬ ತೆರೆದ ಸೇವಾ ವೇದಿಕೆ ಹುಟ್ಟಿತು. ಅಮೆರಿಕದ ದೈತ್ಯರಿಗೆ ಅದು ಎದುರಾಳಿಯಾಗಲಿಲ್ಲ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಆದರೆ ಆ ಕಡೆಯಿಂದ ಬೆಳೆದ ಒಂದು ಚಿಕ್ಕ ವಸ್ತು ದೂರ ಸಾಗಿತು. ನಗರದ ಬಸ್ಸು ಎಲ್ಲಿದೆ, ಗಾಳಿ ಎಷ್ಟು ಮಲಿನ ಎಂಬಂಥ ಮಾಹಿತಿಯನ್ನು ಯಾವ ರೂಪದಲ್ಲಿ ಕೇಳಬೇಕು, ಕೊಡಬೇಕು ಎಂಬ ಎನ್‌ಜಿಎಸ್‌ಐ-ಎಲ್‌ಡಿ ಮಾನದಂಡ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಕಾರ್ಯಕ್ರಮದೊಂದಿಗೆ ಕಟ್ಟಿದ ಐಯುಡಿಎಕ್ಸ್ ಎಂಬ ನಗರ ದತ್ತಾಂಶ ವಿನಿಮಯ ವೇದಿಕೆಯಲ್ಲೂ ಅದರ ಬಳಕೆ ಇದೆ.

ಆಮೇಲೆ ಯುರೋಪ್ ದಾರಿ ಬದಲಿಸಿತು. 2018ರ ಹೊತ್ತಿಗೆ ಶುರುವಾದ ‘ನೆಕ್ಸ್ಟ್ ಜನರೇಶನ್ ಇಂಟರ್ನೆಟ್’ ಅಥವಾ ಎನ್‌ಜಿಐನಲ್ಲಿ ದೊಡ್ಡ ಕಂಪನಿಗಳ ಬದಲು ಒಬ್ಬರು, ಇಬ್ಬರು ಮಾಡುವ ತೆರೆದ ತಂತ್ರಾಂಶಗಳಿಗೂ ಹಣ. ನೆದರ್‌ಲೆಂಡಿನ ಎನ್‌ಎಲ್‌ನೆಟ್ ಪ್ರತಿಷ್ಠಾನದ ಮೂಲಕ ಹಂಚುವ ಮೊತ್ತ ಸಾಮಾನ್ಯವಾಗಿ 5,000ದಿಂದ 50,000 ಯೂರೊ. ಸಂಶೋಧನೆಯ ಲೆಕ್ಕದಲ್ಲಿ ಇದು ಚಿಲ್ಲರೆ. ಆದರೆ ಟ್ವಿಟರ್ ಬಗೆಯ ಸೇವೆಯನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ನಡೆಸಬಹುದಾದ ಮಸ್ಟಡಾನ್, ಯೂಟ್ಯೂಬ್ ಬಗೆಯ ಪೀರ್‌ಟ್ಯೂಬ್, ಸುರಕ್ಷಿತ ಸಂಪರ್ಕದ ವೈರ್‌ಗಾರ್ಡ್ ಇಂಥವಕ್ಕೆ ನೆರವು ಸಿಕ್ಕಿತು. ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ ಕರ್ನಲ್‌ನ ಭಾಗವೇ ಆಯಿತು.

2024ರ ಬೇಸಿಗೆಯಲ್ಲಿ ಮುಂದಿನ ವರ್ಷದ ಸಂಶೋಧನಾ ಯೋಜನೆಯ ಕರಡಿನಲ್ಲಿ ಎನ್‌ಜಿಐ ಹೆಸರೇ ಕಾಣಲಿಲ್ಲ. ಯುರೋಪಿನ ತೆರೆದ ತಂತ್ರಾಂಶ ಸಂಸ್ಥೆಗಳು ಬಹಿರಂಗ ಪತ್ರ ಬರೆದವು. ಗಮನ ಕೃತಕ ಬುದ್ಧಿಮತ್ತೆಯತ್ತ ಹೊರಳಿದೆ ಎಂಬ ಆತಂಕ ಅಲ್ಲಿತ್ತು. ನಾವು ಆ ಆತಂಕವನ್ನು ಒಪ್ಪುತ್ತೇವೆ. ದೊಡ್ಡ ಘೋಷಣೆಗಳಿಗಿಂತ ಈ ಚಿಲ್ಲರೆ ಹಣವೇ ಹೆಚ್ಚು ಬಾಳಿಕೆಯ ಕೆಲಸ ಮಾಡಿತ್ತು.

ಇದೇ ಪ್ರಶ್ನೆಯ ಇನ್ನೊಂದು ಪ್ರಯೋಗ ಬೆಂಗಳೂರಿನ ಬೀದಿಗಳಲ್ಲಿ ನಡೆಯುತ್ತಿದೆ. ನಂದನ್ ನಿಲೇಕಣಿ ಮತ್ತಿತರರು ಹುಟ್ಟುಹಾಕಿದ ಬೆಕನ್ ಎಂಬ ತೆರೆದ ಪ್ರೋಟೋಕಾಲ್‌ನ ಗುರಿ, ಕೊಳ್ಳುವವರು ಒಂದು ಆ್ಯಪ್‌ನಲ್ಲಿದ್ದರೂ ಮಾರುವವರು ಇನ್ನೊಂದರಲ್ಲಿದ್ದರೂ ವ್ಯವಹಾರ ಕುದುರುವಂತೆ ಮಾಡುವುದು. ಇಮೇಲ್ ಇದ್ದ ಹಾಗೆ. ಕೊಚ್ಚಿಯಲ್ಲಿ ಆರಂಭದ ಪ್ರಯೋಗ ನಡೆದು, 2022ರ ಕೊನೆಗೆ ಬೆಂಗಳೂರಿನಲ್ಲಿ ಇದರ ಮೇಲೆ ‘ನಮ್ಮ ಯಾತ್ರಿ’ ಬಂತು. ಪ್ರತಿ ಸವಾರಿಗೆ ಕಮಿಷನ್ ಕೀಳುವ ಬದಲು ಚಾಲಕರಿಂದ ದಿನಕ್ಕೆ 25 ರೂಪಾಯಿಯಂಥ ಶುಲ್ಕದ ಪದ್ಧತಿ ತಂದಿತು. ಕಮಿಷನ್ ಬಿಟ್ಟು ಶುಲ್ಕ ಪಡೆಯುವ ದಾರಿಗೆ ನಂತರ ಎದುರಾಳಿಗಳೂ ಬಂದರು. ಊಬರ್ 2025ರಲ್ಲಿ ಆಟೋಗಳಿಗೆ ಅದನ್ನೇ ಅಳವಡಿಸಿತು. ದರದ ಪದ್ಧತಿ ಹರಡಿತು, ಪ್ರೋಟೋಕಾಲ್ ಅಷ್ಟು ಹರಡಿಲ್ಲ. ನಮ್ಮ ಯಾತ್ರಿ ತೆರೆದು ಊಬರ್‌ನ ಆಟೋ ಕರೆಯಲಾಗುವುದಿಲ್ಲ. ಸಂಜೆ ಮಳೆ ಹಿಡಿದಾಗ ನಾವು ಈಗಲೂ ಮೂರು ಆ್ಯಪ್‌ಗಳನ್ನು ಒಂದಾದ ಮೇಲೊಂದು ತೆರೆದು, ಯಾವುದರಲ್ಲಿ ಆಟೋ ಸಿಗುತ್ತದೋ ಎಂದು ಕಾಯುತ್ತೇವೆ.